ನಾದವನ್ನು ಕಟ್ಟಿ ಕಲಿಯಬೇಕು

ಖಾನಾಪುರದ ಕುಂಬಾರನು ಗಡಿಗೆಯನ್ನು ಮಾರುವ ಮುನ್ನ ಅದನ್ನು ಬೆರಳಿನಿಂದ ಬಾರಿಸಿ ತೋರಿಸುತ್ತಾನೆ. ಖಣ್ಣೆಂದರೆ ಗಡಿಗೆ ಗಟ್ಟಿ. ಒಡಕು ದನಿ ಬಂದರೆ ಎಲ್ಲಿಯೋ ಬಿರುಕುಂಟು. ಕೊಳ್ಳುವವರೂ ಕಿವಿಗೊಟ್ಟು ಕೇಳಿದ ಮೇಲೆಯೇ ಹಣ ಕೊಡುತ್ತಾರೆ. ಇಷ್ಟು ನಂಬಿಕೆಗೆ ಪಾತ್ರವಾದ ಕಿವಿಗೆ ನಮ್ಮ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕೆಲಸವೇ ಇಲ್ಲದಂತಾಗಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಸ್ವರಮಾಪಕದ ಪ್ರಯೋಗದ ಅಂಕಿಗಳನ್ನು ಹಿಂದಿನ ವರ್ಷದವರ ಜರ್ನಲ್‌ನಿಂದ ನಕಲು ಮಾಡಿದೆನು. ಪೂರ್ಣ ಅಂಕಗಳೂ ಬಂದವು. ವಿಸ್ಪಂದವೆಂದರೇನೆಂದು ಎರಡು ಪುಟ ಬರೆಯಬಲ್ಲವನಾಗಿದ್ದೆ. ಆದರೆ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಈ ಕೊರತೆಯನ್ನು ನೀಗುವ ಸುಲಭ ಸಾಧನವೊಂದು ಇಂದು ನಮ್ಮ ಕೈಗೆ ನಿಲುಕುವಂತಿದೆ. ಅದು ಚಿತ್ರರೂಪದ ಪ್ರೋಗ್ರಾಮಿಂಗ್. ಅಮೆರಿಕದ ಮಿಲ್ಲರ್ ಪಕೆಟ್ ಎಂಬವರು 1990ರ ದಶಕದಲ್ಲಿ ರಚಿಸಿದ ‘ಪ್ಯೂರ್ ಡೇಟಾ’ ಈ ಬಗೆಯದು. ಇಲ್ಲಿ ಆಜ್ಞೆಗಳನ್ನು ಸಾಲುಸಾಲಾಗಿ ಬರೆಯಬೇಕಾಗಿಲ್ಲ. ಪರದೆಯ ಮೇಲೆ ಪುಟ್ಟ ಚೌಕಗಳನ್ನಿರಿಸಿ, ವಿದ್ಯುನ್ಮಂಡಲದ ನಕ್ಷೆಯಲ್ಲಿರುವಂತೆ ಗೆರೆಗಳಿಂದ ಜೋಡಿಸಿದರಾಯಿತು. ಒಂದು ಚೌಕ ಅಲೆಯನ್ನು ಹುಟ್ಟಿಸುತ್ತದೆ. ಎರಡನೆಯದು ಅದರ ದನಿಯನ್ನು ಹಿತವಾಗಿ ತಗ್ಗಿಸುತ್ತದೆ. ಮೂರನೆಯದು ಸ್ಪೀಕರಿಗೆ ಕಳುಹಿಸುತ್ತದೆ. ಇದಕ್ಕೆ ಬೆಲೆ ಕೊಡಬೇಕಾಗಿಲ್ಲ. ಪೆನ್‌ಡ್ರೈವ್‌ನಲ್ಲಿ ಒಮ್ಮೆ ತಂದುಕೊಂಡರೆ ಇಂಟರ್ನೆಟ್ಟೂ ಬೇಡ. ಹಳೆಯ ಕಂಪ್ಯೂಟರೇ ಸಾಕು. ಸೆಕೆಂಡಿಗೆ 220 ಮತ್ತು 222 ಕಂಪನಗಳ ಎರಡು ಅಲೆಗಳನ್ನು ಕೂಡಿಸಿರಿ. ದನಿಯು ಸೆಕೆಂಡಿಗೆ ಎರಡು ಸಲ ಏರಿ ಇಳಿಯುವುದು ಕೇಳಿಸುತ್ತದೆ. ಇದೇ ವಿಸ್ಪಂದ.

ಇದರಿಂದಾಗುವ ಲಾಭವೇನೆಂಬುದನ್ನು ನನಗೆ ತಿಳಿಸಿಕೊಟ್ಟವನು ಒಬ್ಬ ವಿದ್ಯಾರ್ಥಿ. ಬೆಳಗಾವಿಯು ಹಾರ್ಮೋನಿಯಂ ವಾದನಕ್ಕೆ ಹೆಸರಾದ ಊರು, ಪಂ. ರಾಮಭಾವು ಬಿಜಾಪುರೆಯವರು (1917–2010) ಇಲ್ಲಿಯೇ ನೆಲೆಸಿ ಅನೇಕ ಶಿಷ್ಯರನ್ನು ಸಿದ್ಧಗೊಳಿಸಿದರು. ಸುತ್ತಲಿನ ಹಳ್ಳಿಗಳ ಭಜನೆಯಲ್ಲಿಯೂ ಪೇಟಿ ಇದ್ದೇ ಇರುತ್ತದೆ. ಖಾನಾಪುರ ತಾಲೂಕಿನ ಅಂಥ ಹಳ್ಳಿಯೊಂದರಿಂದ ಬರುವ ಈ ಹುಡುಗನು, “ಸರ್, ತಂಬೂರಿ ಪಂಚಮಕ್ಕೂ ನಮ್ಮ ಪೇಟಿ ಪಂಚಮಕ್ಕೂ ಯಾಕ ಕೂಡೂದಿಲ್ರಿ?” ಎಂದು ಕೇಳಿದನು.

ಷಡ್ಜವು 220 ಕಂಪನಗಳಾದರೆ ತಂಬೂರಿಯ ಶುದ್ಧ ಪಂಚಮವು ಅದರ ಒಂದೂವರೆ ಪಟ್ಟು, ಎಂದರೆ 330. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಶ್ರುತಿಗೊಳಿಸಿದ ಪೇಟಿಯಲ್ಲಾದರೋ ಅದು 329.63. “220ರ ಜೊತೆಗೆ 329.63ನ್ನು ಜೋಡಿಸು, ವಿಸ್ಪಂದ ಕೇಳಿಸುತ್ತದೆ” ಎಂದೆನು. ಅವನು ಜೋಡಿಸಿದನು, ಸ್ಪಷ್ಟವಾದ ಏರಿಳಿತ ಯಾವುದೂ ಕೇಳಿಸಲಿಲ್ಲ. ಎಲ್ಲರೆದುರಿಗೆ ನನ್ನ ಮಾತು ಸುಳ್ಳಾಯಿತು.

ಎರಡು ದಿನಗಳ ಮೇಲೆ ಅವನೇ ಕಾರಣವನ್ನು ಕಂಡುಹಿಡಿದು ತಂದನು. ತಂತಿಯಲ್ಲಾಗಲಿ ಪೇಟಿಯ ರೀಡಿನಲ್ಲಾಗಲಿ ಮೂಲಸ್ವರದೊಡನೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಗಳ ಉಪಸ್ವರಗಳೂ ಹುಟ್ಟುತ್ತವೆ. ನಾವು ಕೂಡಿಸಿದ ಅಲೆಗಳಲ್ಲಿ ಅವು ಇರಲಿಲ್ಲ. ಅವನು ಅವುಗಳಿಗಾಗಿ ಬೇರೆ ಚೌಕಗಳನ್ನು ಸೇರಿಸಿದ್ದನು. ಷಡ್ಜದ ಮೂರು ಪಟ್ಟು 660. ಪೇಟಿಯ ಪಂಚಮದ ಎರಡು ಪಟ್ಟು 659.26. ಇವೆರಡರ ವ್ಯತ್ಯಾಸದಿಂದ ನಾಲ್ಕು ಸೆಕೆಂಡಿಗೆ ಸುಮಾರು ಮೂರು ಏರಿಳಿತಗಳು ಸ್ಪಷ್ಟವಾಗಿ ಕೇಳಿಸಿದವು. ಅಂಕಿಯನ್ನು 330ಕ್ಕೆ ತಂದೊಡನೆ ಅಲೆಯಾಟ ನಿಂತು ಸ್ವರಗಳು ಒಂದಾದವು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿಯೇ ಇದನ್ನು ವಿವರಿಸಿದ್ದನು. ಹುಡುಗನಿಗೆ ಆ ಹೆಸರು ಗೊತ್ತಿರಲಿಲ್ಲ. ಓದಿದ್ದ ನನಗೆ ಸಮಯಕ್ಕೆ ನೆನಪಾಗಲಿಲ್ಲ.

ಮುಂದಿನ ಹೆಜ್ಜೆ ವಿದ್ಯುನ್ಮಾನದ್ದು. ಇಟಲಿಯಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೋ ಎಂಬ ಪುಟ್ಟ ಫಲಕಕ್ಕೆ ರೇಡಿಯೋದಲ್ಲಿರುವಂಥ ತಿರುಗುಗುಂಡಿಯೊಂದನ್ನು ಜೋಡಿಸಬಹುದು. ಅದರ ಸಾಮಾನ್ಯ ಮಾದರಿಯು 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಅಳೆಯುತ್ತದೆ. 325ರಿಂದ 335ರವರೆಗಿನ ಕಂಪನಗಳನ್ನು ಅವುಗಳಿಗೆ ಹಂಚಿದರೆ, ಒಂದೊಂದು ಮೆಟ್ಟಿಲು ಕಂಪನದ ಸುಮಾರು ನೂರನೆಯ ಒಂದು ಪಾಲು. ಗುಂಡಿಯನ್ನು ತಿರುಗಿಸುತ್ತ, ತಂಬೂರಿಯನ್ನು ಶ್ರುತಿಗೊಳಿಸುವವನಂತೆಯೇ, ಪಂಚಮವನ್ನು ಕಿವಿಯಿಂದ ಹುಡುಕಬಹುದು. ನಮ್ಮ ನಾಡಿಗೆ ಇದು ಅಪರಿಚಿತ ವಿದ್ಯೆಯೇನೂ ಅಲ್ಲ. ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಜಿ. ರಾಜ್ ನಾರಾಯಣ್ ಬೆಂಗಳೂರಿನವರು. ಇಂಜಿನಿಯರರೂ ಹೌದು, ಕೊಳಲುವಾದಕರೂ ಹೌದು.

‘ಇದು ಆಟ, ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲ’ ಎನ್ನುವವರಿದ್ದಾರೆ. ನಕಲು ಮಾಡಿ ಗಳಿಸಿದ ಅಂಕಗಳ ಯೋಗ್ಯತೆಯನ್ನು ನಾನು ಬಲ್ಲೆನಾದುದರಿಂದ ಈ ಆಕ್ಷೇಪಕ್ಕೆ ಹೆಚ್ಚು ಬೆಲೆ ಕೊಡಲಾರೆ. ಇನ್ನೊಂದು ಆಕ್ಷೇಪವು ತೂಕವುಳ್ಳದ್ದು: ಕಂಪ್ಯೂಟರಿನಲ್ಲಿ 330 ಎಂಬುದು ನಾವೇ ಕೊಟ್ಟ ಆಜ್ಞೆ, ಅಳತೆಯಲ್ಲ, ನಿಜವಾದ ತಂತಿಯಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಆದುದರಿಂದ ಸ್ವರಮಾಪಕವನ್ನು ಅಟ್ಟಕ್ಕೇರಿಸಕೂಡದು. ಪರದೆಯ ಮೇಲೆ ಕಟ್ಟಿ ಕೇಳಿದ್ದನ್ನು ಮರುದಿನ ತಂತಿಯ ಮೇಲೆ ಅಳೆದು ನೋಡಬೇಕು. ಬೇರೆಯವರು ಕಟ್ಟಿದ ಜೋಡಣೆಯನ್ನು ಇಳಿಸಿಕೊಂಡು ನುಡಿಸುವುದಂತೂ ಜರ್ನಲ್ ನಕಲಿನ ಇನ್ನೊಂದು ರೂಪವೇ ಸರಿ.

ಪ್ರತಿಯೊಂದು ಕಾಲೇಜಿನಲ್ಲಿಯೂ ಧ್ವನಿಯ ಪಾಠಕ್ಕೆ ಇಂಥ ಎರಡು ಪ್ರಯೋಗದ ಅವಧಿಗಳು ದೊರೆಯಬೇಕೆಂಬುದು ನನ್ನ ಅಭಿಪ್ರಾಯ. ದೊರೆಯುವವರೆಗೆ ವಿದ್ಯಾರ್ಥಿಗಳು ಕಾದು ಕುಳಿತಿರಬೇಕಾಗಿಲ್ಲ. ಮೊದಲು 220 ಮತ್ತು 222ನ್ನು ಜೋಡಿಸಿ ಕೇಳಿರಿ; ಎಣಿಸಿದ್ದನ್ನು ನಿಮ್ಮ ಜರ್ನಲ್‌ನಲ್ಲಿ ನೀವೇ ಬರೆದುಕೊಳ್ಳಿರಿ.