ಪೆಟ್ಟಿಗೆಗೊಂದು ನ್ಯಾಯವೆ?

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನಾನು ತಿದ್ದಿದ ಉತ್ತರಪತ್ರಿಕೆಯನ್ನು ಹುಡುಗನು ಕೇಳಿ ನೋಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು. ಒಪ್ಪಿದೆ, ಅಂದಿನಿಂದ ಎಚ್ಚರದಿಂದ ತಿದ್ದುತ್ತೇನೆ.

ಇನ್ನು ನ್ಯಾಯಾಧೀಶರ ನೇಮಕದ ಕಡತಗಳ ಮಾತು. ಅಧಿಕಾರ ಸರ್ಕಾರದ ಕೈಯಲ್ಲಿದ್ದ 1981ರಲ್ಲಿ, ಎಸ್. ಪಿ. ಗುಪ್ತಾ ಮೊಕದ್ದಮೆಯಲ್ಲಿ, ಕಾನೂನು ಮಂತ್ರಿಗೂ ಮುಖ್ಯ ನ್ಯಾಯಮೂರ್ತಿಗಳಿಗೂ ನಡೆದಿದ್ದ ಗುಪ್ತ ಪತ್ರವ್ಯವಹಾರವನ್ನು ಇದೇ ನ್ಯಾಯಾಲಯ ಬಯಲಿಗೆ ತರಿಸಿತು. 1993ರ ತೀರ್ಪಿನಿಂದ ಕಡೆಯ ಮಾತು ನ್ಯಾಯಮೂರ್ತಿಗಳದಾಯಿತು. 2018ರ ಡಿಸೆಂಬರ್ 12ರ ಕೊಲಿಜಿಯಂ ಸಭೆಯ ಕಾಗದಗಳನ್ನು ಕೇಳಿದವರಿಗೆ 2022ರಲ್ಲಿ ಸಿಕ್ಕಿದ ಉತ್ತರವೇನು? ಎಲ್ಲರೂ ಸಹಿ ಮಾಡಿದ ನಿರ್ಣಯ ಮಾತ್ರ ಬಹಿರಂಗ, ಚರ್ಚೆ ಅಲ್ಲ!

ಪರರ ಪೆಟ್ಟಿಗೆಗೆ ಒಂದು ನ್ಯಾಯ, ತನ್ನ ಪೆಟ್ಟಿಗೆಗೆ ಇನ್ನೊಂದೆ? ಅಭ್ಯರ್ಥಿಯ ಮಾನ ಕಾಯಬೇಕು, ನಿಜ. ಅದಕ್ಕೆ ನಾಲ್ಕು ಸಾಲು ಮುಚ್ಚಿದರೆ ಸಾಕು, ಕಡತವನ್ನೇ ಹೂಳಬೇಕಾಗಿಲ್ಲ. ಹುಡುಗನಿಗೆ ಕೊಟ್ಟ ಹಕ್ಕನ್ನು ಪ್ರಜೆಗೂ ಕೊಡಲಿ.