ಹಾರ ಬ್ಯಾಡ, ಲೆಕ್ಕ ಕೊಡ್ರಿ

ವರ್ಷಕ್ಕೊಮ್ಮೆ ಡಿಸೆಂಬರ್ 3 ಬರುತ್ತದೆ. ಶಾಮಿಯಾನ, ಬ್ಯಾನರು, ಸಾಹೇಬರ ಭಾಷಣ, ನಾಲ್ಕು ತ್ರಿಚಕ್ರ ಸೈಕಲ್ಲು, ಒಂದು ಫೋಟೊ. ಮರುದಿನ ನಮ್ಮ ಕೇರಿಯ ಅಣ್ಣ ಮತ್ತೆ ಕೈ ಊರಿಕೊಂಡು ಕಚೇರಿಯ ಮೆಟ್ಟಿಲು ಹತ್ತುತ್ತಾನೆ. "ಸಾಹೇಬ್ರಿಲ್ಲ, ನಾಳಿ ಬಾ" ಅಂತಾರೆ. ನಿನ್ನೆ ಹಾಕಿದ ಹಾರ ಇನ್ನೂ ಬಾಡಿರುವುದಿಲ್ಲ.

ಹಾಗಾದರೆ ಈ ದಿನ ಬ್ಯಾಡವೇ? ಬೇಕು. ಆದರೆ ಹಾರಕ್ಕಲ್ಲ, ಲೆಕ್ಕಕ್ಕೆ. ವಿಶ್ವಸಂಸ್ಥೆ 1981ನ್ನು ಅಂಗವಿಕಲರ ವರ್ಷವೆಂದು ಸಾರಿತು. 1992ರಲ್ಲಿ ಡಿಸೆಂಬರ್ 3ನ್ನು ಅವರ ದಿನವಾಗಿ ಗೊತ್ತು ಮಾಡಿತು. ನಮ್ಮಲ್ಲಿ 1995ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ. 3 ಅಂದಿತು, 2016ರ ಕಾಯ್ದೆ ಶೇ. 4 ಅಂದಿತು. ಸಾರ್ವಜನಿಕ ಕಟ್ಟಡಗಳೆಲ್ಲ ಐದು ವರ್ಷದೊಳಗೆ ಅವರಿಗೆ ತೆರೆದಿರಬೇಕು ಅಂದಿತು. ನಿಯಮ ಬಂದದ್ದು 2017ರಲ್ಲಿ. ಗಡುವು 2022ಕ್ಕೇ ಮುಗಿಯಿತು. ಕಾಯ್ದೆ ಇನ್ನೂ ಮೆಟ್ಟಿಲ ಕೆಳಗೇ ಕುಂತೈತಿ.

2015ರಲ್ಲಿ ಪ್ರಧಾನಿ 'ದಿವ್ಯಾಂಗ' ಎಂಬ ಹೆಸರು ಕೊಟ್ಟರು. ಈ ಆಟ ನಮಗೆ ಹೊಸದಲ್ಲ. ನಮ್ಮನ್ನು 'ಹರಿಜನ' ಅಂದರು. ಹೆಸರಿಗೆ ದೇವರನ್ನು ಅಂಟಿಸಿದರು, ಬಾವಿ ನೀರು ಮುಟ್ಟಗೊಡಲಿಲ್ಲ. ಪುಟ್ಟರಾಜ ಗವಾಯಿಗಳ ಫೋಟೊಕ್ಕೆ ಕೈ ಮುಗಿಯುವ ಊರು, ಕಣ್ಣು ಕಾಣದ ಹುಡುಗನಿಗೆ ಕೆಲಸ ಕೊಡುವುದಿಲ್ಲ.

ಇದು ನಮಗ್ಯಾಕೆ ಅನ್ನಬ್ಯಾಡ್ರಿ. 2011ರ ಜನಗಣತಿ ನೋಡ್ರಿ: ದೇಶದಲ್ಲಿ ಅಂಗವಿಕಲರು 2.68 ಕೋಟಿ, ನೂರಕ್ಕೆ 2.21. ಪರಿಶಿಷ್ಟ ಜಾತಿಯಲ್ಲಿ ನೂರಕ್ಕೆ 2.45. ಇದನ್ನು ಹಣೆಬರಹ ಅನ್ನುವವರು ಜಾತಿಯನ್ನೂ ಹಣೆಬರಹ ಅಂದವರೇ. ಹಸಿದ ಬಸುರಿ, ಸಿಗದ ಡಾಕ್ಟರು, ಮೈ ಮುರಿಯುವ ದುಡಿಮೆ, ಇವು ಯಾವ ದೇವರು ಬರೆದ ಬರಹ?

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. "ಕುರುಡು ಸರ್ಕಾರ, ಕಿವುಡು ಸರ್ಕಾರ" ಅಂತ ನಾವೇ ಕೂಗಿದ್ದೇವೆ, ಕವಿತೆಯಲ್ಲೂ ಬರೆದಿದ್ದೇವೆ. ಸರ್ಕಾರಕ್ಕೆ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ. ಅದಕ್ಕೆ ಮನಸ್ಸಿಲ್ಲ ಅಷ್ಟೆ. ಇನ್ನೊಬ್ಬರ ಮೈಯನ್ನು ನಾವು ಬೈಗುಳ ಮಾಡಿಕೊಂಡೆವು. ನಮ್ಮ ಜಾತಿಯ ಹೆಸರನ್ನು ಬೈಗುಳ ಮಾಡಿದವರಿಗೂ ನಮಗೂ ಏನು ಫರಕು?

ಡಿಸೆಂಬರ್ 3ರಿಂದ ಬಾಬಾಸಾಹೇಬರು ನಮ್ಮನ್ನಗಲಿದ ಡಿಸೆಂಬರ್ 6ಕ್ಕೆ ಮೂರೇ ದಿನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಾಸ್ಟೆಲ್ ಗೆಳೆಯರೇ, ಆ ಮೂರು ದಿನ ಕಚೇರಿ, ಸಾಲಿ, ಬಸ್ ನಿಲ್ದಾಣ ತಿರುಗೋಣ. ಎಲ್ಲಿ ಎಷ್ಟು ಮೆಟ್ಟಿಲು, ಎಲ್ಲಿ ರ್‍ಯಾಂಪ್ ಇಲ್ಲ, ಬರೆದುಕೊಳ್ಳೋಣ. ನಡೆಯಲಾಗದ, ಕಣ್ಣು ಕಾಣದ ಗೆಳೆಯರೇ ಮುಂದಿರಲಿ. ಅವರು ಹೇಳಲಿ, ನಾವು ಬರೆಯೋಣ. 6ರ ಸಭೆಯಲ್ಲಿ ಆ ಲೆಕ್ಕವನ್ನು ಅವರೇ ಓದಲಿ.

ಮೊದಲ ಲೆಕ್ಕ ನಮ್ಮ ಹಾಸ್ಟೆಲ್ಲಿನ ಬಾಗಿಲಿಂದಲೇ ಶುರುವಾಗಲಿ.

ಜೈ ಭೀಮ್.