ಮನೆಯಂಗಳದ ಚಪ್ಪರಬದನೆ

2023ರ ಜುಲೈ ತಿಂಗಳಲ್ಲಿ ಟೊಮ್ಯಾಟೊ ಹಣ್ಣಿನ ಬೆಲೆ ಕಿಲೋಗೆ 100 ರೂಪಾಯಿಗಳನ್ನು ದಾಟಿದಾಗ ನಮ್ಮ ಬೀದಿಯ ಮನೆಮನೆಯಲ್ಲಿಯೂ ಕೈತೋಟದ ಉತ್ಸಾಹ ಉಕ್ಕಿತು. ಒಡೆದ ಬಕೆಟ್ಟು, ತುಕ್ಕು ಹಿಡಿದ ತಗಡಿನ ಡಬ್ಬ, ಎಲ್ಲವೂ ಹೂಕುಂಡದ ಪದವಿಗೇರಿದುವು. ಬೆಲೆ ಇಳಿಯಿತು; ಅದರೊಡನೆ ಉತ್ಸಾಹವೂ ಇಳಿಯಿತು. ಆ ಉತ್ಸಾಹಿಗಳಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಗಿಡಗಳು ಕಲಿಸಿದ ಪಾಠವೊಂದು ಇನ್ನೂ ಉಳಿದಿದೆ. ಅದನ್ನು ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ಅಂಗಡಿಯಿಂದ ತಂದ ಬೀಜ ಮೊದಲ ವರ್ಷ ಸೊಗಸಾಗಿ ಫಲಿಸಿತು. ಹಣ್ಣುಗಳೆಲ್ಲ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಆಕಾರ, ಒಂದೇ ಬಣ್ಣ. ಹಿಗ್ಗಿ, ಅತ್ಯುತ್ತಮವಾದ ಹಣ್ಣೊಂದನ್ನು ಆರಿಸಿ, ಬೀಜ ತೆಗೆದಿಟ್ಟು ಮರುವರ್ಷ ಬಿತ್ತಿದೆ. ಹುಟ್ಟಿದ ಗಿಡಗಳಲ್ಲಿ ಒಂದು ಮೊಣಕಾಲೆತ್ತರ, ಇನ್ನೊಂದು ಆಳೆತ್ತರ; ಒಂದರ ಹಣ್ಣು ನಿಂಬೆಯಷ್ಟು, ಮತ್ತೊಂದರದು ಮುಷ್ಟಿಯಷ್ಟು. ಬೀಜವೇನೂ ಮೋಸಮಾಡಿರಲಿಲ್ಲ. ಎರಡು ತಳಿಗಳನ್ನು ಕೂಡಿಸಿ ಪಡೆದ ಸಂಕರ ತಳಿಯ ಏಕರೂಪತೆ ಒಂದು ತಲೆಮಾರಿನದು ಮಾತ್ರ. ಮುಂದಿನ ಪೀಳಿಗೆಯಲ್ಲಿ ಆ ಗುಣಗಳು ಚದರಿಹೋಗುತ್ತವೆ. ಪೊಟ್ಟಣದ ಮೇಲೆ ‘ಎಫ್ 1’ ಎಂದು ಅಚ್ಚಾಗಿತ್ತು. ಓದುವುದೇ ಉದ್ಯೋಗವಾದವನು ಅದೊಂದನ್ನು ಓದಿರಲಿಲ್ಲ!

ಸಂಕರ ತಳಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ರಕ್ಷಕ್’ ಎಂಬ ಸಂಕರ ತಳಿ ಎಲೆಮುದುಡು, ದುಂಡಾಣು ಸೊರಗು, ಅಂಗಮಾರಿ ಎಂಬ ಮೂರು ರೋಗಗಳಿಗೂ ಎದುರು ನಿಲ್ಲುತ್ತದೆ. ಸಾಲ ಮಾಡಿ ಬೆಳೆಯಿಡುವ ರೈತನಿಗೆ ಅದು ದೊಡ್ಡ ಆಸರೆ. ಕೋಲಾರದಲ್ಲಿ ಲಾರಿಯೇರಿದ ಹಣ್ಣು ಹೊರರಾಜ್ಯಗಳ ಪೇಟೆಯನ್ನು ಒಡೆಯದೆ ಸೇರಬೇಕಾದರೆ ಅದಕ್ಕೆ ದಪ್ಪ ಸಿಪ್ಪೆ, ಗಟ್ಟಿ ತಿರುಳು ಬೇಕೇಬೇಕು. ಆದರೆ ನಮ್ಮ ಅಂಗಳದಿಂದ ಅಡಿಗೆಮನೆಗೆ ಹತ್ತು ಹೆಜ್ಜೆ. ಲಾರಿಗಾಗಿ ಆರಿಸಿದ ಹಣ್ಣನ್ನು ಸಾರಿಗಾಗಿ ನಾವೇಕೆ ಆರಿಸಬೇಕು?

ಮನೆಯ ಕೈತೋಟಕ್ಕೆ ಬೀಜ ಉಳಿಸಿಕೊಳ್ಳಬಹುದಾದ ತಳಿಯೇ ಯೋಗ್ಯವೆಂಬುದು ನನ್ನ ಅಭಿಮತ. ಹೆಸರಘಟ್ಟದ್ದೇ ಆದ ‘ಅರ್ಕ ವಿಕಾಸ್’ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ರೂಬಿ’ ಇದೆ. ಗಿಡ ಇದ್ದಕ್ಕಿದ್ದಂತೆ ಸೊರಗಿ ಸಾಯುವ ದುಂಡಾಣು ರೋಗ ಮಣ್ಣಿನಲ್ಲಿದ್ದರೆ, ಅದನ್ನು ತಾಳಿಕೊಳ್ಳುವ ‘ಅರ್ಕ ಆಭಾ’ ಇದೆ. ಇವಾವುವೂ ಸಂಕರ ತಳಿಗಳಲ್ಲ. ಟೊಮ್ಯಾಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ತಳಿ ಬೆರೆಯುವ ಭಯವೂ ಕಡಿಮೆ. ರೋಗವಿಲ್ಲದ ಗಿಡದ ಚೆನ್ನಾಗಿ ಕಳಿತ ಹಣ್ಣನ್ನು ಹಿಸುಕಿ, ಲೋಳೆಸಹಿತ ಬೀಜವನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿದರೆ ಮುಂದಿನ ವರ್ಷದ ಬಿತ್ತನೆ ಸಿದ್ಧ.

ಇದನ್ನು ಕೇಳಿದ ಮಿತ್ರರೊಬ್ಬರು, “ಇವೂ ಸಂಶೋಧನಾಲಯದ ಕೂಸುಗಳೇ ಅಲ್ಲವೆ? ಅಪ್ಪಟ ನಾಟಿಯನ್ನೇ ಬೆಳೆಯಬಾರದೇಕೆ?” ಎಂದರು. ನಾಟಿ ಬೀಜ ದೊರೆತರೆ ಅವಶ್ಯವಾಗಿ ಬೆಳೆಯೋಣ. ಅದರ ತೆಳುಸಿಪ್ಪೆಗೂ ಹುಳಿಗೂ ಸಾಟಿಯಿಲ್ಲ. ಆದರೆ ‘ಅಪ್ಪಟ’ ಎಂಬ ಮಾತು ಇಲ್ಲಿ ನಿಲ್ಲದು. ಟೊಮ್ಯಾಟೊ ದಕ್ಷಿಣ ಅಮೆರಿಕದ ಮೂಲದ್ದು. ಕಡಲು ದಾಟಿ ಬಂದದ್ದು. ಬದನೆಯ ದಾಯಾದಿಯಾದ ಅದನ್ನು ನಮ್ಮ ಅಜ್ಜಿ ‘ಚಪ್ಪರಬದನೆ’ ಎಂದೇ ಕರೆಯುತ್ತಿದ್ದರು. ಪರದೇಶದ ಗಿಡಕ್ಕೆ ಎಂಥ ಮನೆಮಾತಿನ ಹೆಸರು! ಪರಭಾಷೆಯ ಶಬ್ದ ನಮ್ಮ ವಿಭಕ್ತಿಪ್ರತ್ಯಯಗಳನ್ನು ತಾಳಿ ಕನ್ನಡವಾಗುವಂತೆ, ಬೀಜವೂ ವರ್ಷವರ್ಷವೂ ಈ ನೆಲದಲ್ಲಿ ಬಿದ್ದು, ಮೊಳೆತು, ನಮ್ಮ ಕೈಯಿಂದ ಆಯ್ಕೆಗೊಂಡು ನಾಟಿಯಾಗುತ್ತದೆ. ವರ್ಷವರ್ಷವೂ ಕೊಂಡುತರುವ ಬೀಜಕ್ಕೆ ಆ ಭಾಗ್ಯವಿಲ್ಲ.

ಬೆಲೆ ಏರಿದಾಗ ಬೆಳೆಯುವವನು ಹಣ್ಣನ್ನು ಮಾತ್ರ ಬೆಳೆಯುತ್ತಾನೆ. ಬೀಜ ಕಟ್ಟಿಡುವವನು ಆರಿಸುವ ಅಧಿಕಾರವನ್ನೂ ಉಳಿಸಿಕೊಳ್ಳುತ್ತಾನೆ. ಈ ವರ್ಷ ಅರ್ಕ ವಿಕಾಸ್ ಬೀಜವನ್ನು ಕಾಗದದಲ್ಲಿ ಮಡಿಸಿ, ಮೇಲೆ ತಿಂಗಳು ಬರೆದು ಇಟ್ಟಿದ್ದೇನೆ. ಒಂದು ಪೊಟ್ಟಣ ನನಗೆ. ಇನ್ನೊಂದು, ಕುಂಡ ಬರಿದಾಗಿರುವ ಪಕ್ಕದ ಮನೆಯವರಿಗೆ.